ಧ್ರುವ ಸಾಗರದ ಗಾಳಿಯಲ್ಲಿನ ಸಾವಯವ ಕಣಗಳು: ಮೂಲ ಬೇರ್ಪಡಿಸುವುದು ಹೇಗೆ?

ಕಡಲಗಾಳಿ (ಪ್ರಶ್ನೆ):
ದಕ್ಷಿಣ ಸಾಗರದಲ್ಲಿ 60° ದಕ್ಷಿಣ ಅಕ್ಷಾಂಶ ದಾಟಿದ ಮೇಲೆ, ವಸಂತದಿಂದ ಬೇಸಿಗೆಯವರೆಗೆ ಹಡಗಿನಲ್ಲಿ ಹಿಡಿದ ಏರೋಸಾಲ್ (ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣ) ಫಿಲ್ಟರ್‌ಗಳ ವಿಶ್ಲೇಷಣೆ ನಡೆಯುತ್ತಿದೆ. ಹೈ-ವಾಲ್ಯೂಮ್ ಸ್ಯಾಂಪ್ಲರ್, ನಿಮಿಷಕ್ಕೆ 1 ಘನ ಮೀಟರ್ ಗಾಳಿ, ಒಂದು ಫಿಲ್ಟರ್‌ಗೆ 48 ಗಂಟೆ. ಗ್ಲೂಕೋಸ್, ಮ್ಯಾನಿಟಾಲ್, ಪಾಲ್ಮಿಟಿಕ್ ಆಮ್ಲ, ಮೀಥೇನ್‌ಸಲ್ಫೋನಿಕ್ ಆಮ್ಲ (ಎಂಎಸ್‌ಎ) ಎಲ್ಲವೂ ಸಿಗುತ್ತಿವೆ. ಅತಿ ಸ್ವಲ್ಪ ಲೆವೋಗ್ಲುಕೋಸಾನ್ (ಕಟ್ಟಿಗೆ, ಗಿಡಗಳು ಉರಿದ ಹೊಗೆಯ ಗುರುತು) ಕೂಡ ಇದೆ. ಎಂಎಸ್‌ಎ ಏರಿದಾಗಲೆಲ್ಲ ಒಟ್ಟು ಸಾವಯವ ಇಂಗಾಲವೂ ಏರುತ್ತದೆ. ಹಾಗಿದ್ದರೆ ಸಾವಯವ ಭಾಗದ ಬಹುಪಾಲು ಪ್ಲವಕಗಳು (ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಬಿಡುವ, ಗಾಳಿಯಲ್ಲಿ ಎಂಎಸ್‌ಎ ಆಗಿ ಬದಲಾಗುವ ಡೈಮೀಥೈಲ್ ಸಲ್ಫೈಡ್ ಅನಿಲದಿಂದಲೇ (ಡಿಎಂಎಸ್) ಬಂತು ಎನ್ನಬಹುದೇ? ಲೆವೋಗ್ಲುಕೋಸಾನ್ ನಿಜವಾದ ಹೊಗೆಯೋ, ಬ್ಲ್ಯಾಂಕೋ (ಗಾಳಿ ಹಿಡಿಯದ ಖಾಲಿ ಫಿಲ್ಟರ್‌ನಲ್ಲೂ ಕಾಣುವ ಕಲ್ಮಶ)?

ನೊರೆತೆರೆ:
ಮೊದಲು ಇಂಗಾಲದ ಲೆಕ್ಕ ಹಾಕಿ. ಎಂಎಸ್‌ಎ ಅಣುತೂಕ 96, ಅದರಲ್ಲಿ ಇಂಗಾಲ 12, ಅಂದರೆ ಎಂಟರಲ್ಲೊಂದು ಪಾಲು. ಘನ ಮೀಟರಿಗೆ 40 ನ್ಯಾನೋಗ್ರಾಂ ಎಂಎಸ್‌ಎ ಇದ್ದರೆ ಅದರ ಇಂಗಾಲ ಬರೀ 5 ನ್ಯಾನೋಗ್ರಾಂ. ಒಟ್ಟು ಸಾವಯವ ಇಂಗಾಲ 150 ಇದ್ದಲ್ಲಿ ಇದು ನೂರಕ್ಕೆ ಮೂರೂವರೆಯನ್ನೂ ಮುಟ್ಟುವುದಿಲ್ಲ. ಎರಡೂ ಒಟ್ಟಿಗೆ ಏರುವುದು ಎರಡಕ್ಕೂ ಬೇರು ಪ್ಲವಕಗಳ ಒಂದೇ ಸಮೃದ್ಧ ಬೆಳವಣಿಗೆಯಲ್ಲಿ ಇರುವುದರಿಂದ. ದಾರಿ ಮಾತ್ರ ಬೇರೆ.

ಪ್ರಾಥಮಿಕ ದಾರಿ ಗುಳ್ಳೆಯದು. ಅಲೆ ಮುರಿದಾಗ ನೀರೊಳಗೆ ಸಿಕ್ಕ ಗಾಳಿಗುಳ್ಳೆ ಮೇಲೇರುತ್ತ ಕೊಬ್ಬು, ಪ್ರೋಟೀನ್, ಪಾಲಿಸ್ಯಾಕರೈಡ್‌ಗಳನ್ನು ಮೈಗೆ ಅಂಟಿಸಿಕೊಳ್ಳುತ್ತದೆ. ಮೇಲ್ಮೈಗೆ ಬಂದಾಗ ಅದರ ಟೋಪಿಯ ತೆಳುಪೊರೆ ಒಡೆದು ಮೈಕ್ರಾನ್‌ಗಿಂತ ಸಣ್ಣ ಹನಿಗಳಾಗಿ ಚಿಮ್ಮುತ್ತದೆ. ಸೋಡಿಯಂಗೆ ಹೋಲಿಸಿದರೆ ಸಾವಯವದ ಪಾಲು ಸಣ್ಣ ಕಣಗಳಲ್ಲೇ ಹೆಚ್ಚು. ಇದಕ್ಕೆ ಗಾಳಿಯ ವೇಗ ಬೇಕು. ಡಿಎಂಎಸ್ ದಾರಿಗೆ ಬಿಸಿಲು ಮತ್ತು ಸಮಯ ಬೇಕು. ಅನಿಲವಾಗಿ ಒಂದೆರಡು ದಿನ ಗಾಳಿಯಲ್ಲಿ ಸಾಗಿ ಆಮೇಲೆ ಕಣವಾಗುತ್ತದೆ. ಆದ್ದರಿಂದ ಗ್ಲೂಕೋಸನ್ನು ಹಡಗಿನ ಹತ್ತಿರದ ಗಾಳಿವೇಗ, ಸೋಡಿಯಂ ಜೊತೆ ಹೋಲಿಸಿ. ಎಂಎಸ್‌ಎಯನ್ನು ಆ ಗಾಳಿ ಹಿಂದಿನ ದಿನಗಳಲ್ಲಿ ಹಿಮದಂಚಿನ ಮೇಲೆ ಹಾದು ಬಂತೇ ಎಂಬುದರ ಜೊತೆ ಹೋಲಿಸಿ. ಎರಡೂ ಹೊಂದಿದರೆ ನಿಮ್ಮ ವಾದ ಗಟ್ಟಿ.

ಮ್ಯಾನಿಟಾಲ್ ಕಂಡೊಡನೆ ಶಿಲೀಂಧ್ರ ಬೀಜಾಣು ಎಂದು ಬರೆದುಬಿಡಬೇಡಿ, ಪಾಚಿಗಳಲ್ಲೂ ಅದು ಇರುತ್ತದೆ. ಕೊಬ್ಬಿನಾಮ್ಲಗಳಲ್ಲಿ ಸಿ16, ಸಿ18 (16, 18 ಇಂಗಾಲದ ಸರಪಳಿಯವು) ಮೇಲುಗೈ ಇದ್ದರೆ ಸಮುದ್ರದ ಜೀವಿಗಳತ್ತ ಬೆರಳು. ಸಿ20ಕ್ಕಿಂತ ಉದ್ದನೆಯ ಸಮಸಂಖ್ಯೆಯವು ನೆಲದ ಗಿಡಗಳ ಮೇಣದಿಂದ. ಒಲಿಯಿಕ್ ಆಮ್ಲ ಕಡಿಮೆಯಿದ್ದು ಅಜೆಲಾಯಿಕ್ ಆಮ್ಲ ಹೆಚ್ಚಿದ್ದರೆ ಕಣ ಗಾಳಿಯಲ್ಲಿ ಹಣ್ಣಾಗಿದೆ, ಒಲಿಯಿಕ್‌ನ ದ್ವಿಬಂಧ ಮುರಿದು ಅಜೆಲಾಯಿಕ್ ಆಗಿದೆ ಎಂದರ್ಥ. ಆದರೆ ಹಡಗಿನ ಅಡುಗೆಮನೆಯ ಚಿಮಣಿಯೂ ಒಲಿಯಿಕ್, ಪಾಲ್ಮಿಟಿಕ್ ಆಮ್ಲಗಳನ್ನು ಉಗುಳುತ್ತದೆ. ಅದು ಸ್ಯಾಂಪ್ಲರ್‌ನ ಯಾವ ಬದಿಯಲ್ಲಿತ್ತು ಎಂಬುದನ್ನು ನೋಡಲೇಬೇಕು.

ಕ್ವಾರ್ಟ್ಸ್_ಪೊರೆ:
ಲೆವೋಗ್ಲುಕೋಸಾನ್ ವಿಚಾರ. 48 ಗಂಟೆಗೆ 2,880 ಘನ ಮೀಟರ್. ಗಾಳಿಯಲ್ಲಿ ಘನ ಮೀಟರಿಗೆ 0.5 ನ್ಯಾನೋಗ್ರಾಂ ಇದ್ದರೆ ಇಡೀ ಫಿಲ್ಟರ್‌ನಲ್ಲಿ 1,440. ಕಾಲು ಭಾಗ ಕತ್ತರಿಸಿದರೆ 360. ಕೊನೆಗೆ 200 ಮೈಕ್ರೋಲೀಟರ್‌ಗೆ ಇಳಿಸಿದರೆ ಮೈಕ್ರೋಲೀಟರಿಗೆ 1.8 ನ್ಯಾನೋಗ್ರಾಂ. ಅಷ್ಟಿದ್ದರೆ ಉಪಕರಣಕ್ಕೆ ಕಷ್ಟವಿಲ್ಲ, ತೊಡಕು ಬ್ಲ್ಯಾಂಕ್‌ನದು. ಫೀಲ್ಡ್ ಬ್ಲ್ಯಾಂಕನ್ನು ಸ್ಯಾಂಪ್ಲರ್‌ನಲ್ಲಿ ಇಟ್ಟು, ಪಂಪ್ ಕೆಲ ಸೆಕೆಂಡು ಓಡಿಸಿ, ಉಳಿದವುಗಳ ಜೊತೆಗೇ −20 ಡಿಗ್ರಿಯಲ್ಲಿ ಇಟ್ಟು, ಅದೇ ಹಂತಗಳಲ್ಲಿ ಸಾಗಿಸಿರಬೇಕು. ಬ್ಲ್ಯಾಂಕ್‌ಗಳ ಸರಾಸರಿಗೆ ಅವುಗಳ ಪ್ರಮಾಣ ವಿಚಲನೆಯ ಮೂರರಷ್ಟು ಕೂಡಿಸಿ. ಅದಕ್ಕಿಂತ ಕೆಳಗಿನದನ್ನು ಸಿಕ್ಕಿತು ಎನ್ನಬೇಡಿ. ಉಪಕರಣದ ನಕ್ಷೆಯಲ್ಲಿ ಲೆವೋಗ್ಲುಕೋಸಾನ್‌ನ ಶಿಖರ ನಿಜವೇ ಎಂದು ತಿಳಿಯಲು, ಮಾಸ್ ಸ್ಪೆಕ್ಟ್ರೋಮೀಟರ್ ತೋರಿಸುವ 204, 217, 333 ಅಯಾನುಗಳು ಮೂರೂ ಒಂದೇ ಸಮಯಕ್ಕೆ, ಮಾನಕದ ಅನುಪಾತದಲ್ಲೇ ಬರಬೇಕು. ಡೀಸೆಲ್ ಹೊಗೆಯಲ್ಲಿ ಲೆವೋಗ್ಲುಕೋಸಾನ್ ಇರುವುದಿಲ್ಲ, ಅದು ಸೆಲ್ಯುಲೋಸ್ ಉರಿದಾಗಲೇ ಬರುವುದು. ಹಡಗಿನ ಹೊಗೆ ಹಿಡಿಯಲು ಹೋಪೇನ್‌ಗಳನ್ನೂ (ಪೆಟ್ರೋಲಿಯಂನ ಗುರುತಿನ ಸಂಯುಕ್ತಗಳು) ಕಪ್ಪು ಇಂಗಾಲವನ್ನೂ ನೋಡಿ.

ಸಕ್ಕರೆಗಳನ್ನು ಆವಿಯಾಗುವಂತೆ ಮಾಡುವ ಬಿಎಸ್‌ಟಿಎಫ್‌ಎ ಕಾರಕದ ಹಂತದಲ್ಲಿ (1% ಟಿಎಂಸಿಎಸ್, ಜೊತೆಗೆ ಪಿರಿಡೀನ್, 70 ಡಿಗ್ರಿ, 3 ಗಂಟೆ) ತೇವವೇ ಶತ್ರು. ಫಿಲ್ಟರ್‌ನಿಂದ ಸಾರ ತೆಗೆಯುವ ಮೆಥನಾಲ್ ಕಡಲುಪ್ಪನ್ನೂ ಒಂದಿಷ್ಟು ಕರಗಿಸಿ ತರುತ್ತದೆ, ಉಪ್ಪು ನೀರನ್ನು ಹಿಡಿದಿಡುತ್ತದೆ, ಸಕ್ಕರೆಗಳ ಶಿಖರ ಕುಸಿಯುತ್ತದೆ. ಸಾರವನ್ನು ಸಾರಜನಕದಲ್ಲಿ ಪೂರ್ತಿ ಒಣಗಿಸಿಯೇ ಕಾರಕ ಹಾಕಿ. ಗ್ಲೂಕೋಸ್ ಆಲ್ಫಾ, ಬೀಟಾ ಎಂದು ಎರಡು ಶಿಖರವಾಗಿ ಬರುತ್ತದೆ. ಎರಡನ್ನೂ ಕೂಡಿಸದಿದ್ದರೆ ಮೊತ್ತ ಕಡಿಮೆ ಬರುತ್ತದೆ.

ಒಟ್ಟು ಸಾವಯವ ಇಂಗಾಲದ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. ಕ್ವಾರ್ಟ್ಸ್ ನಾರು ಗಾಳಿಯ ಸಾವಯವ ಆವಿಯನ್ನೂ ಹೀರುತ್ತದೆ, ಇಷ್ಟು ಶುದ್ಧ ಗಾಳಿಯಲ್ಲಿ ಆ ಪಾಲು ದೊಡ್ಡದು. ಕೆಳಗೆ ಎರಡನೇ ಫಿಲ್ಟರ್ ಇಟ್ಟಿದ್ದರೆ ಅದನ್ನು ಅಳೆದು ತಿದ್ದಬಹುದು.

ಕಡಲಗಾಳಿ:
ಬಹಳ ಉಪಯೋಗವಾಯಿತು. ಇನ್ನೊಂದು: ಎಂಎಸ್‌ಎ ಮತ್ತು ಕಡಲುಪ್ಪಿನದಲ್ಲದ ಸಲ್ಫೇಟ್‌ನ ಅನುಪಾತ ತೆಗೆಯಹೋದರೆ, ವಸಂತದ ಫಿಲ್ಟರ್‌ಗಳಲ್ಲಿ ಆ ಸಲ್ಫೇಟ್ ಋಣಸಂಖ್ಯೆ ಬರುತ್ತಿದೆ. ಅಯಾನ್ ಕ್ರೊಮ್ಯಾಟೊಗ್ರಾಫ್ (ಅಯಾನುಗಳನ್ನು ಅಳೆಯುವ ಉಪಕರಣ) ಕೆಟ್ಟಿದೆಯೇ?

ನೊರೆತೆರೆ:
ಉಪಕರಣ ಸರಿಯಿರುವ ಸಂಭವವೇ ಹೆಚ್ಚು. ಸೋಡಿಯಂ ಅನ್ನು 0.25ರಿಂದ ಗುಣಿಸಿ ಒಟ್ಟು ಸಲ್ಫೇಟ್‌ನಿಂದ ಕಳೆದಿದ್ದೀರಿ ಅಲ್ಲವೇ? ಅದು ಸಮುದ್ರನೀರಿನಲ್ಲಿ ಸೋಡಿಯಂಗೆ ಸಲ್ಫೇಟ್‌ನ ಅನುಪಾತ. ಹಿಮಗಟ್ಟಿದ ಕಡಲಿನ ಉಪ್ಪುನೀರು ಸುಮಾರು −6ರಿಂದ −8 ಡಿಗ್ರಿಗೆ ಇಳಿದಾಗ ಸೋಡಿಯಂ ಸಲ್ಫೇಟ್ ಮಿರಾಬಿಲೈಟ್ ಹರಳಾಗಿ ಬೇರೆಯಾಗುತ್ತದೆ. ಅಲ್ಲಿಂದ ಎದ್ದ ಉಪ್ಪಿನಲ್ಲಿ ಸಲ್ಫೇಟ್ ಬಡವಾಗಿರುತ್ತದೆ. ಅಂಟಾರ್ಕ್ಟಿಕ್ ತೀರದ ಚಳಿಗಾಲದ ಮಾದರಿಗಳಿಗೆ 0.07 ಬಳಸುವುದುಂಟು. ಆದರೆ ತೆರೆದ ನೀರಿನಿಂದ ಬಂದ ಗಾಳಿಗೆ 0.25 ಬಿಡಬೇಡಿ, ಎರಡರ ಮಿಶ್ರಣವಿದ್ದರೆ ಎರಡೂ ಮಿತಿಗಳಲ್ಲಿ ಲೆಕ್ಕ ಹಾಕಿ ವ್ಯಾಪ್ತಿ ಕೊಡಿ. ಎಂಎಸ್‌ಎ–ಸಲ್ಫೇಟ್ ಅನುಪಾತ ಉಷ್ಣವಲಯಕ್ಕಿಂತ ಹೆಚ್ಚು ಬಂದರೆ ಗಾಬರಿ ಬೇಡ: ಚಳಿಯಲ್ಲಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಡಿಎಂಎಸ್‌ನಿಂದ ಹೈಡ್ರೋಜನ್ ಕೀಳುವ ಬದಲು ಅದಕ್ಕೆ ಸೇರಿಕೊಳ್ಳುವ ಕ್ರಿಯೆಯೇ ಹೆಚ್ಚು, ಆ ದಾರಿ ಎಂಎಸ್‌ಎ ಕಡೆಗೆ ಎಳೆಯುತ್ತದೆ.