ಜಮ್ಮಾ ಜಾಗ, ವಿಲ್, ತಂಗಿಯ ಭವಿಷ್ಯ: ಅನುಭವ ಇದ್ದವರು ಹೇಳಿ

ಅಪ್ಪನಿಗೆ 78 ವರ್ಷ. ವಿರಾಜಪೇಟೆ ಹತ್ತಿರ ಕಾಫಿ ತೋಟ ಇದೆ. ಸ್ವಲ್ಪ ಜಮ್ಮಾ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮೀನು), ಸ್ವಲ್ಪ ಅವರೇ ಕೊಂಡಿದ್ದು. ತಮ್ಮ ದುಬೈಯಲ್ಲಿದ್ದಾನೆ. ತಂಗಿಗೆ ಬೌದ್ಧಿಕ ನ್ಯೂನತೆ ಇದೆ. ವಿಲ್ ಸಾಕಾ? ಜಿಪಿಎ (ನಮ್ಮ ಪರವಾಗಿ ವ್ಯವಹರಿಸಲು ಬೇರೆಯವರಿಗೆ ಕೊಡುವ ಅಧಿಕಾರ ಪತ್ರ), ಟ್ರಸ್ಟ್ (ತಂಗಿಯ ಪರವಾಗಿ ಬೇರೆಯವರು ಆಸ್ತಿ ನೋಡಿಕೊಳ್ಳುವ ವ್ಯವಸ್ಥೆ) ಕೂಡ ಬೇಕಾ?

ಗೋಣಿಕೊಪ್ಪದಿಂದ:
ಮೊದಲು ಪಹಣಿ ತೆಗೆಸಿ, ಯಾವ ಜಾಗ ಯಾರದ್ದು ಅಂತ ನೋಡಿ. ನಮ್ಮಲ್ಲಿ ಜಗಳ ಹುಟ್ಟಿದ್ದೇ ಅಲ್ಲಿ. ದೊಡ್ಡಪ್ಪ ಪಟ್ಟೆದಾರರಾಗಿದ್ದರು. ಬಾಣೆಯೆಲ್ಲ (ಗದ್ದೆಗೆ ಸೇರಿದ ಎತ್ತರದ ಜಾಗ) ತಮ್ಮದೇ ಅಂದುಕೊಂಡು ಮಗನ ಹೆಸರಿಗೆ ವಿಲ್ ಬರೆದರು. ಆದರೆ ಜಮ್ಮಾ ಜಾಗ ಒಕ್ಕದ್ದು, ಅಂದರೆ ಇಡೀ ಮನೆತನದ್ದು, ಅಲ್ವಾ? ಪಟ್ಟೆದಾರರು ಒಕ್ಕದ ಪರವಾಗಿ ಕಂದಾಯ ಕಟ್ಟುವವರು, ಅವರೊಬ್ಬರೇ ಮಾಲೀಕರಲ್ಲ. ಅವರು ತೀರಿಕೊಂಡ ಮೇಲೆ ಉಳಿದವರು ತಕರಾರು ಹಾಕಿದರು, ಖಾತೆ ನಿಂತುಹೋಯಿತು. ಪುತ್ತರಿ ಸುಗ್ಗಿ ಹಬ್ಬಕ್ಕೆ ಐನ್‌ಮನೆಯಲ್ಲಿ (ಮನೆತನದ ಮೂಲ ಮನೆ) ಎಲ್ಲರೂ ಸೇರುವುದೂ ನಿಂತಿತು. ನನಗೆ ಇಂದಿಗೂ ನೋವು ಅದೇ.

ಅಪ್ಪ ತಾವೇ ಕೊಂಡ ಜಾಗವನ್ನು ಯಾರಿಗೆ ಬೇಕಾದರೂ ಬರೆಯಬಹುದು. ಒಕ್ಕದ ಜಾಗದ ಮಾತು ಬಂದರೆ ತಮ್ಮ ಪಾಲನ್ನು ಮೀರಿ ಬರೆಯುವ ಹಾಗಿಲ್ಲ. ಜಮ್ಮಾ ವಿಷಯ ಗೊತ್ತಿರುವ ಇಲ್ಲಿಯ ವಕೀಲರನ್ನೇ ಹಿಡಿಯಿರಿ. ವಿಲ್‌ಗೆ ಸ್ಟಾಂಪ್ ಡ್ಯೂಟಿ ಇಲ್ಲ. ರಿಜಿಸ್ಟರ್ ಕಡ್ಡಾಯ ಅಲ್ಲ, ಆದರೂ ಮಾಡಿಸಿ. ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಆಸ್ತಿ ಪಡೆಯುವವರು ಸಾಕ್ಷಿ ಹಾಕುವುದು ಬೇಡ. ಅಪ್ಪನಿಗಿಂತ ಚಿಕ್ಕವರನ್ನು ಆರಿಸಿ, ನಾಳೆ ಕೋರ್ಟಿನಲ್ಲಿ ನಿಂತು ಹೇಳಬೇಕಾದವರು ಅವರು. ಸಹಿ ಹಾಕಿದ ದಿನವೇ, ಅಪ್ಪನ ಬುದ್ಧಿ ಸ್ವಾಧೀನದಲ್ಲಿದೆ ಅಂತ ಡಾಕ್ಟರ್ ಸರ್ಟಿಫಿಕೇಟ್ ಕೂಡ ತೆಗೆದುಕೊಳ್ಳಿ.

ಮಡಿಕೇರಿಯಿಂದ:
ವಿಲ್ ಬದಲು ಜಿಪಿಎ ಸಾಕು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬರೆದುಕೊಟ್ಟವರು ತೀರಿಕೊಂಡರೆ ಅದು ಅಲ್ಲಿಗೇ ಮುಗಿಯಿತು. ಬುದ್ಧಿ ಸ್ವಾಧೀನ ತಪ್ಪಿದರೂ ಅಷ್ಟೇ. ಅಮ್ಮನಿಗೆ ಮರೆವಿನ ಕಾಯಿಲೆ ಜಾಸ್ತಿಯಾದಾಗ ನನ್ನ ಹತ್ತಿರ ಇದ್ದ ಜಿಪಿಎ ಕೆಲಸಕ್ಕೆ ಬರಲಿಲ್ಲ. ಅವರ ಚಿಕಿತ್ಸೆಗೆ ಅವರದ್ದೇ ಹಣ ಬಳಸಲು ಕೋರ್ಟಿಗೆ ಹೋಗಬೇಕಾಯಿತು.

ತಮ್ಮನ ಸಹಿ ಬೇಕಾದ ಕೆಲಸಕ್ಕೆ ಜಿಪಿಎ ಸರಿ. ದುಬೈಯ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಕಳುಹಿಸಲಿ. ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಿ.

ತಂಗಿಯ ಪಾಲಿಗೆ ಮಾತ್ರ ಟ್ರಸ್ಟ್ ಖಂಡಿತ ಬೇಕು ಅನ್ನುತ್ತೇನೆ. ಸುಮ್ನೆ ಅವಳ ಹೆಸರಿಗೆ ತೋಟ ಬರೆದರೆ ಆಳು, ಗೊಬ್ಬರ, ಮಾರಾಟ ಎಲ್ಲ ಯಾರು ನೋಡುತ್ತಾರೆ? ವಿಲ್‌ನಲ್ಲೇ ಟ್ರಸ್ಟ್ ಬರೆಯಬಹುದು, ಅದು ಅಪ್ಪನ ನಂತರ ಜಾರಿಗೆ ಬರುತ್ತದೆ. ಈಗಲೇ ಮಾಡುವುದಾದರೆ ಜಮೀನಿನ ಟ್ರಸ್ಟ್ ಪತ್ರ ರಿಜಿಸ್ಟರ್ ಆಗಬೇಕು. ಇದರ ಜೊತೆಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಅವಳಿಗೆ ಕಾನೂನು ಪಾಲಕರನ್ನು ನೇಮಿಸಿಕೊಳ್ಳಬಹುದು. ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಕೊಡಿ. ಟ್ರಸ್ಟಿಯಾಗಿ ನೀವೊಬ್ಬರೇ ಇರಬೇಡಿ. ನಿಮ್ಮ ನಂತರ ಯಾರು ಅನ್ನುವುದನ್ನೂ ಹೆಸರು ಹಾಕಿ ಬರೆಸಿ, ತಂಗಿ ನಿಮಗಿಂತ ಚಿಕ್ಕವಳು.