ಗಂಡನಿಗೆ ಲಾಗೋಸ್‌ನಲ್ಲಿ ಕೆಲಸ ಸಿಕ್ಕಿದೆ, ನಾನು ದಿನವಿಡೀ ಏನು ಮಾಡಲಿ?

ಬೆಣ್ಣೆದೋಸೆ ಊರಿನವಳು:

ಎಲ್ಲರಿಗೂ ನಮಸ್ಕಾರ. ನನ್ನ ಗಂಡನಿಗೆ ನೈಜೀರಿಯಾದ ಲಾಗೋಸ್‌ನ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಕೆಲಸ ಸಿಕ್ಕಿದೆ. ಎರಡು ವರ್ಷದ ಕರಾರು. ಮನೆ, ಕಾರು, ಡ್ರೈವರ್, ಜನರೇಟರ್ ಎಲ್ಲಾ ಕಂಪನಿಯದೇ ಅಂತೆ. ಮಕ್ಕಳಿನ್ನೂ ಇಲ್ಲ. ನಾನು ಇಲ್ಲಿ ದಾವಣಗೆರೆಯಲ್ಲಿ ಒಬ್ಬ ಆಡಿಟರ್ ಹತ್ತಿರ ಏಳು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ, ಅದನ್ನು ಬಿಟ್ಟು ಹೋಗಬೇಕು. ಅತ್ತೆ ಮಾವ "ಅವನು ಮೊದಲು ಹೋಗಿ ನೋಡಲಿ, ನೀನು ಆರು ತಿಂಗಳು ಬಿಟ್ಟು ಹೊರಡು" ಎನ್ನುತ್ತಾರೆ. ನಮ್ಮಮ್ಮ ಅಂತೂ ಯೂಟ್ಯೂಬ್‌ನಲ್ಲಿ ಏನೇನೋ ನೋಡಿ ಹೆದರಿ ಕೂತಿದ್ದಾರೆ.

ಸಂಬಳದ ವಿಷಯ ಅವರು ವಿಚಾರಿಸಿಕೊಂಡಿದ್ದಾರೆ. ನನ್ನ ಚಿಂತೆ ಬೇರೆ. ಬೆಳಿಗ್ಗೆ ಏಳಕ್ಕೆ ಅವರು ಹೊರಟ ಮೇಲೆ ಸಂಜೆ ಏಳರವರೆಗೆ ನಾನೇನು ಮಾಡುವುದು? ಒಬ್ಬಳೇ ಹೊರಗೆ ಹೋಗಬಹುದಾ? ನನಗೂ ಕೆಲಸ ಸಿಗುತ್ತಾ? ಅಲ್ಲಿನ ಜನರ ಜೊತೆ ಬೆರೆಯುತ್ತೀರಾ, ಇಲ್ಲಾ ನಮ್ಮವರು ನಮ್ಮವರೇ ಸೇರಿಕೊಂಡು ಇರುತ್ತೀರಾ? ನಿಜ ಹೇಳಿ, ಸಮಾಧಾನದ ಮಾತು ಬೇಡ.

ಇಲುಪೇಜು ಅಕ್ಕ:

ನಿಜ ಬೇಕು ಅಂದಿದ್ದೀರಿ, ಹೇಳುತ್ತೇನೆ ನೋಡಮ್ಮಾ. ಮೊದಲ ಮೂರು ತಿಂಗಳು ನಾನು ದಿನಾ ಅತ್ತಿದ್ದೇನೆ. ನಾವು ಬಂದಿದ್ದು 2018ರಲ್ಲಿ, ಆಗಿನಿಂದ ಇಲ್ಲೇ ಲಾಗೋಸಿನ ಇಲುಪೇಜು ಬಡಾವಣೆಯಲ್ಲೇ ಇದ್ದೇವೆ. ಎತ್ತರದ ಗೋಡೆ, ಮೇಲೆ ಮುಳ್ಳುತಂತಿ, ಗೇಟಿನಲ್ಲಿ ಸೆಕ್ಯೂರಿಟಿ, ಒಳಗೆ ಎಂಟು ಫ್ಲಾಟು, ಎಂಟರಲ್ಲೂ ಇಂಡಿಯಾದವರೇ. ಹೊಸಬರು ಬಂದ ತಕ್ಷಣ ಎಲ್ಲರೂ ಹೇಳುವ ಮೊದಲ ಮಾತು ಒಂದೇ, ಹೊರಗೆ ಹೋಗಬೇಡಿ. ಬೇರೇನೂ ಹೇಳುವುದಿಲ್ಲ. ಹಾಗಾಗಿ ನಾನೂ ಹೋಗಲಿಲ್ಲ. ಇಲ್ಲಿನ ಗಡಿಯಾರ ನಮ್ಮೂರಿಗಿಂತ ನಾಲ್ಕೂವರೆ ಗಂಟೆ ಹಿಂದೆ, ಅವರು ಕೆಲಸದಿಂದ ಬಂದು ಊಟ ಮಾಡುವ ಹೊತ್ತಿಗೆ ಊರಲ್ಲಿ ಅಪ್ಪ ಅಮ್ಮ ಮಲಗಿ ಎರಡು ನಿದ್ದೆ ಆಗಿರುತ್ತದೆ, ಫೋನ್ ಮಾಡೋಣ ಎಂದರೂ ಆಗುವುದಿಲ್ಲ.

ನನ್ನನ್ನು ಗೇಟಿನ ಆಚೆ ಕರೆದುಕೊಂಡು ಹೋಗಿದ್ದು ನಮ್ಮ ಮನೆಕೆಲಸದವರು. ಬೀದಿ ತಿರುವಿನಲ್ಲಿ ಒಬ್ಬ ಹೆಂಗಸು ಬೆಳಿಗ್ಗೆ ಆರೂವರೆಗೇ ಒಲೆ ಹಚ್ಚಿಕೊಂಡು ದೊಡ್ಡ ಬಾಣಲೆಯಲ್ಲಿ ಅಕಾರಾ ಕರಿಯುತ್ತಾರೆ. ಅಲಸಂದೆ ನೆನೆಸಿ, ಸಿಪ್ಪೆ ತೆಗೆದು, ಈರುಳ್ಳಿ ಮೆಣಸಿನಕಾಯಿ ಹಾಕಿ ರುಬ್ಬಿ, ಗಾಳಿ ಸೇರುವ ಹಾಗೆ ಚೆನ್ನಾಗಿ ಬಡಿದು ಚಮಚದಲ್ಲಿ ಎಣ್ಣೆಗೆ ಬಿಡುವುದು. ನಮ್ಮ ಅಲಸಂದೆ ವಡೆಯೇ, ಆದರೆ ಇನ್ನೂ ಹಗುರ, ಒಳಗೆ ಹತ್ತಿ. ಹತ್ತು ಕಟ್ಟಿಕೊಟ್ಟು ಮೇಲೆ ಒಂದು ಹಾಕಿ "ಜಾರಾ" ಅಂದರು. ಏನದು ಎಂದು ನಮ್ಮವರನ್ನು ಕೇಳಿದರೆ, ಕೊಸರು! ನಮ್ಮ ಸಂತೆಯಲ್ಲಿ ಸೊಪ್ಪಿನವರು ಕೊಡುತ್ತಾರಲ್ಲ, ಅದೇ. ಅವತ್ತಿನಿಂದ ಈ ಊರು ನನಗೆ ಅಷ್ಟು ಪರದೇಶ ಅನಿಸಲಿಲ್ಲ. ಈಗ ಕೊಸರು ನಾನೇ ಕೇಳಿ ಇಸಿದುಕೊಳ್ಳುತ್ತೇನೆ. ಮಾರುಕಟ್ಟೆಯಲ್ಲಿ ಅವರು ನನ್ನನ್ನು "ಕಸ್ಟಮರ್" ಎಂದು ಕರೆಯುತ್ತಾರೆ, ನಾನೂ ಅವರನ್ನು "ಕಸ್ಟಮರ್" ಎಂದೇ ಕರೆಯಬೇಕು. ಇಬ್ಬರೂ ಕಸ್ಟಮರ್. ಹೇಳಿದ ಬೆಲೆಗೆ ಕೊಟ್ಟರೆ ಅವರಿಗೇ ಬೇಜಾರು, ಚೌಕಾಸಿ ಮಾಡಲೇಬೇಕು.

ಕೆಲಸದ ವಿಷಯ. ಗಂಡನ ವಾಸದ ಪರವಾನಗಿ ಕಾರ್ಡಿನ ಮೇಲೆ ಡಿಪೆಂಡೆಂಟ್ ಆಗಿ ಬಂದವರು ಸಂಬಳಕ್ಕೆ ದುಡಿಯುವಂತಿಲ್ಲ. ಇಲ್ಲಿ ಪ್ರತಿ ಕಂಪನಿಗೂ ಇಷ್ಟೇ ಜನ ಹೊರದೇಶದವರು ಎಂಬ ಕೋಟಾ ಇದೆ, ಯಾರಾದರೂ ತಮ್ಮ ಕೋಟಾದಲ್ಲಿ ನಿಮ್ಮನ್ನು ಸೇರಿಸಿಕೊಂಡು ಕಾಗದ ಬದಲಾಯಿಸಿದರೆ ಮಾತ್ರ ಆಗುತ್ತದೆ. ನಮ್ಮ ಮೇಲಿನ ಮನೆಯವರು ಬೆಂಗಳೂರಿನ ಕಂಪನಿಗೆ ಇಲ್ಲಿಂದಲೇ ಲೆಕ್ಕ ನೋಡುತ್ತಿದ್ದರು. ಬೆಳಿಗ್ಗೆ ಐದೂವರೆಗೆ ಕೂತರೆ ಅಲ್ಲಿ ಹತ್ತು ಗಂಟೆ, ಮಧ್ಯಾಹ್ನ ಒಂದಕ್ಕೆ ಮುಗಿಯಿತು. ನಿಮ್ಮ ಆಡಿಟರ್ ಅವರನ್ನು ಕೇಳಿ ನೋಡಿ. ಆದರೆ ಅದಕ್ಕೂ ನಿಮ್ಮ ವೀಸಾದಲ್ಲಿ ತೊಂದರೆ ಇಲ್ಲವೇ ಎಂದು ಮೊದಲೇ ವಿಚಾರಿಸಿಕೊಳ್ಳಿ, ಆಮೇಲೆ ತಲೆನೋವು ಬೇಡ.

ಗೋಸ್ಲೋ ಗಿರಾಕಿ:

ಅಕ್ಕ ಹೇಳಿದ್ದು ಸರಿ. ನಾನು ಗಂಡಸರ ಕಡೆಯಿಂದ ಎರಡು ಮಾತು ಹೇಳುತ್ತೇನೆ, ನಿಮ್ಮ ಯಜಮಾನರಿಗೂ ತೋರಿಸಿ.

ಇಲ್ಲಿ ಟ್ರಾಫಿಕ್ ಜಾಮ್‌ಗೆ ಗೋಸ್ಲೋ ಎನ್ನುತ್ತಾರೆ. ಅಪಾಪಾ ಕಡೆ ಫ್ಯಾಕ್ಟರಿ ಇದ್ದರೆ ದೇವರೇ ಗತಿ, ಬಂದರಿನ ಲಾರಿಗಳ ಸಾಲು. ಆರಕ್ಕೆ ಬಿಟ್ಟವನು ಎಂಟೂವರೆಗೆ ಮನೆಗೆ ಬಂದಿದ್ದೂ ಇದೆ. ಬಂದವನಿಗೆ ಮಾತು ಬೇಡ, ಹಾಸಿಗೆ ಬೇಕು. ಹೆಂಡತಿಗೆ ಇಡೀ ದಿನದ ಮಾತು ಸೇರಿರುತ್ತದೆ. ನಮ್ಮಿಬ್ಬರ ಜಗಳ ಎಲ್ಲಾ ಶುರುವಾಗಿದ್ದು ಇಲ್ಲೇ, ಸೊಳ್ಳೆ ಕರೆಂಟು ಯಾವುದೂ ಕಾರಣ ಅಲ್ಲ. ಹಾಗಾಗಿ ಮನೆ ಎಲ್ಲಿ ಕೊಡುತ್ತಾರೆ, ಫ್ಯಾಕ್ಟರಿ ಎಲ್ಲಿ ಎಂದು ಮೊದಲು ಕೇಳಿ. ಮನೆ ಲಾಗೋಸಿನ ದ್ವೀಪದ ಕಡೆ, ಫ್ಯಾಕ್ಟರಿ ಮುಖ್ಯಭೂಮಿಯ ಇಕೇಜಾದಲ್ಲಿ ಎಂದರೆ ಸುಮಾರು 12 ಕಿಲೋಮೀಟರ್ ಉದ್ದದ ಥರ್ಡ್ ಮೇನ್‌ಲ್ಯಾಂಡ್ ಸೇತುವೆಯ ಮೇಲೆ ದಿನಾ ಆಯುಷ್ಯ ಸವೆಸಬೇಕು.

ಎರಡನೆಯದು ನಮಸ್ಕಾರ. ಮೊದಲ ವಾರ ನಾನು ಶಿಫ್ಟಿಗೆ ಹೋದವನೇ ನೇರ ಮೆಷಿನ್ ಹತ್ತಿರ ನಿಂತು "ಇದ್ಯಾಕೆ ನಿಂತಿದೆ" ಎಂದು ಕೇಳುತ್ತಿದ್ದೆ. ಯಾರೂ ಸರಿಯಾಗಿ ಉತ್ತರ ಕೊಡುತ್ತಿರಲಿಲ್ಲ. ಸೊಕ್ಕು ಅಂದುಕೊಂಡೆ. ಕೊನೆಗೆ ಒಬ್ಬ ವಯಸ್ಸಾದ ಫಿಟ್ಟರ್ "ಓಗಾ, ಯು ನೋ ಡೇ ಗ್ರೀಟ್" ಅಂದರು. ಓಗಾ ಎಂದರೆ ಯಜಮಾನ, ನೀನು ಮಾತಾಡಿಸುವುದೇ ಇಲ್ಲವಲ್ಲ ಎಂದು ದೂರು. ಇಲ್ಲಿ ಮೊದಲು ಗುಡ್ ಮಾರ್ನಿಂಗ್, ಮನೆಯಲ್ಲಿ ಹೇಗಿದ್ದಾರೆ, ರಾತ್ರಿ ನಿದ್ದೆ ಬಂತಾ, ಆಮೇಲೆ ಕೆಲಸ. ದೊಡ್ಡವರಿಗೆ ಇಲ್ಲಿನ ಯೊರುಬಾ ಭಾಷೆಯಲ್ಲಿ "ಎ ಕಾರೋ" ಅಂದರೆ ಮುಖ ಅರಳುತ್ತದೆ. ಆ "ಎ" ನಮ್ಮ ಬಹುವಚನದ ಹಾಗೆ, ಗೌರವಕ್ಕೆ. ಕೆಲಸ ಮಾಡುತ್ತಿರುವವರನ್ನು ಹಾದು ಹೋಗುವಾಗ "ವೆಲ್ ಡನ್" ಎನ್ನಬೇಕು. ನಾನು ಮೆಟ್ಟಿಲಲ್ಲಿ ಎಡವಿದರೆ ಹತ್ತು ಜನ "ಸಾರಿ ಸಾರ್" ಎನ್ನುತ್ತಾರೆ, ಇವರೇನು ತಳ್ಳಿದರಾ ಎಂದು ಮೊದಮೊದಲು ಸುತ್ತ ನೋಡುತ್ತಿದ್ದೆ. ಅಯ್ಯೋ ಪಾಪ ಎನ್ನುವುದಕ್ಕೆ ಸಾರಿ.

ಇನ್ನೊಂದು ತಮಾಷೆ. ಸ್ಟೋರಿನವನು "ಐ ಆಮ್ ಕಮಿಂಗ್" ಎಂದು ಬೆನ್ನು ತಿರುಗಿಸಿ ಹೋಗೇಬಿಟ್ಟ. ಬರ್ತೀನಿ ಅಂದವನು ಹೋಗ್ತಾನಲ್ಲ ಎಂದು ರೇಗಿದೆ. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಬಿದ್ದೂ ಬಿದ್ದೂ ನಕ್ಕಳು. "ನೀವು ಬೆಳಿಗ್ಗೆ ಹೊರಡುವಾಗ ಏನು ಅಂತೀರಿ? ಬರ್ತೀನಿ ಅಂತ ತಾನೇ?"

ಸಾಕಾಗಿ ಬಂದವನು:

ಎಲ್ಲರೂ ಅಕಾರಾ ಜಾರಾ ಎಂದು ಚಂದ ಬರೆಯುತ್ತಿದ್ದೀರಿ. ದುಡ್ಡಿನ ಮಾತು ಯಾರೂ ಆಡಲಿಲ್ಲ, ಅಲ್ವಾ? ನನ್ನ ಸಂಬಳ ಪೂರ್ತಿ ನೈರಾದಲ್ಲಿ, ಅಂದರೆ ಅಲ್ಲಿನ ಹಣದಲ್ಲಿತ್ತು. 2023ರ ಜೂನ್‌ನಲ್ಲಿ ನೈರಾವನ್ನು ಮಾರುಕಟ್ಟೆ ದರಕ್ಕೆ ಬಿಟ್ಟರು. ಡಾಲರಿಗೆ 460ರ ಆಸುಪಾಸು ಇದ್ದದ್ದು ಮರುವರ್ಷದ ಹೊತ್ತಿಗೆ 1500ರ ಹತ್ತಿರ ಹೋಯಿತು. ಕೈಗೆ ಬರುವ ನೋಟು ಅಷ್ಟೇ, ಊರಿಗೆ ಕಳಿಸುವುದು ಮೂರನೇ ಒಂದು ಭಾಗ. ಕಂಪನಿಯವರು ನೋಡೋಣ ನೋಡೋಣ ಎಂದು ಎಂಟು ತಿಂಗಳು ತಳ್ಳಿದರು. ಪಾಸ್‌ಪೋರ್ಟ್ ಬೇರೆ ಅವರ ಬೀರುವಿನಲ್ಲಿ. ಅದೇ 2023ರ ಮೇ ತಿಂಗಳಲ್ಲಿ ಪೆಟ್ರೋಲ್ ಸಬ್ಸಿಡಿ ತೆಗೆದಿದ್ದರು, ಲೀಟರಿಗೆ 200 ನೈರಾ ಒಳಗಿದ್ದದ್ದು ಒಂದೇ ಏಟಿಗೆ 500 ಆಸುಪಾಸಾಯಿತು. ಸಂಬಳ ಡಾಲರಿನಲ್ಲಿ, ಹೆಚ್ಚಿನ ಪಾಲು ಇಂಡಿಯಾದ ಖಾತೆಗೆ, ಅಲ್ಲಿನ ಖರ್ಚಿಗೆ ಮಾತ್ರ ನೈರಾ. ಕರಾರಿನಲ್ಲಿ ಹೀಗೆ ಬರೆಸಿಕೊಳ್ಳದೆ ವಿಮಾನ ಹತ್ತಬೇಡಿ. ಪಾಸ್‌ಪೋರ್ಟ್ ಕಾಗದಕ್ಕೆಂದು ತೆಗೆದುಕೊಂಡರೆ ವಾಪಸ್ ಇಸಿದುಕೊಳ್ಳಿ.

ಮತ್ತೆ ಕರೆಂಟು. ಮನೆ ಜನರೇಟರ್ ಕಂಪನಿಯದ್ದು ಎಂದರೆ ಸಾಲದು, ಡೀಸೆಲ್ ಯಾರದು? ದಿನಕ್ಕೆ ಎಷ್ಟು ಗಂಟೆ ಹಾಕುತ್ತಾರೆ? ನಮ್ಮಲ್ಲಿ ಹಗಲು ಗಂಡಸರು ಮನೆಯಲ್ಲಿ ಇರುವುದಿಲ್ಲ ಎಂದು ಹತ್ತಕ್ಕೆ ಆಫ್ ಮಾಡುತ್ತಿದ್ದರು. ಹೆಂಗಸರು ಸೆಕೆಯಲ್ಲಿ ಬೇಯಲಿ ಅಂತ.

ಇಲುಪೇಜು ಅಕ್ಕ:

ನಿಮ್ಮ ಮಾತನ್ನು ತೆಗೆದುಹಾಕುವುದಿಲ್ಲ, ಆ ವರ್ಷ ಸುಮಾರು ಮನೆಗಳವರು ಗಂಟುಮೂಟೆ ಕಟ್ಟಿದರು. ಆದರೆ ಡಾಲರ್ ಲೆಕ್ಕ ಹಾಕುವ ನಮಗೇ ಇಷ್ಟಾದರೆ ನಮ್ಮ ಡ್ರೈವರ್‌ಗೆ ಏನಾಗಿರಬೇಡ? ಬೆಳಿಗ್ಗೆ ನಾಲ್ಕಕ್ಕೆ ಎದ್ದು ಎರಡು ಡ್ಯಾನ್‌ಫೋ, ಅಂದರೆ ಹಳದಿ ವ್ಯಾನು, ಬದಲಾಯಿಸಿ ಆರೂವರೆಗೆ ನಮ್ಮ ಗೇಟಿನಲ್ಲಿ ಇರುತ್ತಾರೆ. ಬಸ್ ಚಾರ್ಜಿಗೇ ಅರ್ಧ ಸಂಬಳ ಹೋಗುತ್ತಿತ್ತು. ಕ್ರಿಸ್‌ಮಸ್‌ಗೆ ಅಕ್ಕಿ ಮೂಟೆ ಕೊಡುವುದು ಇಲ್ಲಿನ ವಾಡಿಕೆ, ಅದನ್ನೂ ಕಾಲು ಮೂಟೆಗೆ ಇಳಿಸಿದ ನಮ್ಮ ಜನ ಇದ್ದಾರೆ. ಅದೇ ವಾರ ಅವರ ಮನೆ ಪಾರ್ಟಿಯಲ್ಲಿ ಊಟ ಚೆಲ್ಲಿ ಹೋಗುತ್ತಿತ್ತು.

ಬೆರೆಯುತ್ತೀರಾ ಎಂದು ಕೇಳಿದ್ದಿರಿ. ಹೆಚ್ಚಿನವರು ಬೆರೆಯುವುದಿಲ್ಲ. ಶನಿವಾರ ಇವರ ಮನೆ, ಮುಂದಿನ ಶನಿವಾರ ಅವರ ಮನೆ, ಮಾತು ಮಾತ್ರ ಒಂದೇ, ಕೆಲಸದವರು ಹೀಗೆ, ಡ್ರೈವರ್ ಹಾಗೆ. ನನಗೆ ಅದು ಬೇಗ ಸಾಕಾಯಿತು. ನಮ್ಮ ಮನೆಕೆಲಸದವರ ಮಗಳ ಮದುವೆಗೆ ಕರೆದಾಗ "ಹೋಗಬೇಡಿ, ಸಲುಗೆ ಜಾಸ್ತಿ ಆಗುತ್ತೆ" ಅಂದರು. ಹೋದೆವು. ಅಸೊ ಎಬಿ ಎಂದು ಬಂಧುಗಳೆಲ್ಲ ಒಂದೇ ಬಟ್ಟೆ ಹೊಲಿಸಿಕೊಳ್ಳುತ್ತಾರೆ, ನಮಗೂ ಆರು ಗಜ ಕೊಟ್ಟಿದ್ದರು. ನಾನು ಅದನ್ನೇ ಸೀರೆ ಹಾಗೆ ಉಟ್ಟೆ. ಅಲ್ಲಿದ್ದ ಹೆಂಗಸರೆಲ್ಲ ಸುತ್ತುವರಿದು ನೆರಿಗೆ ಹೇಗೆ ಹಿಡಿಯುವುದು ಎಂದು ನನ್ನ ಕೈಯಲ್ಲಿ ಮೂರು ಸಲ ಬಿಚ್ಚಿಸಿ ಉಡಿಸಿದರು. ನಮ್ಮವರನ್ನು ಕುಣಿಯಲು ಎಳೆದರು. ಹದಿನೈದು ವರ್ಷದ ಸಂಸಾರದಲ್ಲಿ ಅವರು ಕುಣಿದದ್ದು ನಾನು ನೋಡಿದ್ದು ಅದೇ ಮೊದಲು, ವಿಡಿಯೋ ಇದೆ, ತೋರಿಸಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾರೆ.

ರಾಯಚೂರು ಟು ಕಾನೊ:

ಲಾಗೋಸ್ ಮಂದಿ ಮಾತು ಮುಗಿಯೂದಿಲ್ಲ. ನಾವು ಉತ್ತರದ ಕಾನೊದಲ್ಲಿದ್ದೇವೆ, ಗಂಡ ಹೆಂಡತಿ ಇಬ್ಬರೇ. ಇಲ್ಲಿ ಭಾಷೆ ಹೌಸಾ, ಶುಕ್ರವಾರ ಮಧ್ಯಾಹ್ನ ನಮಾಜಿಗೆಂದು ಫ್ಯಾಕ್ಟರಿ ಖಾಲಿ. ಊರಿನಿಂದ ಊರಿಗೆ ರಸ್ತೆಯಲ್ಲಿ ನಾವು ಹೋಗುವುದೇ ಇಲ್ಲ, ಅಪಹರಣದ ಭಯ ಇದೆ, ವಿಮಾನವೇ. ಅದರಲ್ಲಿ ಮುಚ್ಚಿಡುವುದು ಏನೂ ಇಲ್ಲ. ಡಿಸೆಂಬರ್ ಜನವರಿಯಲ್ಲಿ ಹಾರ್ಮಟಾನ್ ಗಾಳಿ ಸಹಾರಾದ ಧೂಳು ತರುತ್ತದೆ, ತುಟಿ ಒಡೆಯುತ್ತದೆ, ಒಗೆದ ಬಟ್ಟೆ ಮೇಲೆ ಬೂದಿ ಬಳಿದ ಹಾಗೆ.

ಆದರೆ ಊಟದ ವಿಷಯದಲ್ಲಿ ನಾವು ಊರಲ್ಲೇ ಇದ್ದೇವೆ. ಜೋಳಕ್ಕೆ ಇಲ್ಲಿ ದಾವಾ, ಸಜ್ಜೆಗೆ ಗೆರೊ, ರಾಗಿಗೆ ತಂಬಾ. ಜೋಳದ ಮುದ್ದೆಗೆ ತುವೊ. ಝೋಬೊ ಎಂದು ಕೆಂಪು ಶರಬತ್ತು ಕೊಟ್ಟರು, ಯಾವ ಹಣ್ಣು ಎಂದು ಕೇಳಿದೆ, ಒಣಗಿಸಿದ್ದು ತೋರಿಸಿದರು. ನೋಡಿದರೆ ಪುಂಡಿ! ನಮ್ಮ ಪುಂಡಿಪಲ್ಯದ ಗಿಡದ ಕೆಂಪು ಕಾಯಿ. ಎಲೆಗೆ ಯಾಕುವಾ ಎನ್ನುತ್ತಾರೆ, ಸಂತೆಯಲ್ಲಿ ರಾಶಿ ರಾಶಿ. ನನ್ನ ಹೆಂಡತಿ ಅವತ್ತು ಎರಡು ಕಟ್ಟು ತಂದು ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಪಲ್ಯ ಮಾಡಿದಳು, ಬಿಸಿ ರೊಟ್ಟಿ ಜೊತೆ ತಿನ್ನುವಾಗ ಇಬ್ಬರಿಗೂ ಮಾತಿಲ್ಲ. ಪಕ್ಕದ ಮನೆಯ ಹೌಸಾ ಅಮ್ಮನಿಗೆ ಒಂದು ಬಟ್ಟಲು ಕೊಟ್ಟಳು. ಅವರು ಬಟ್ಟಲು ಖಾಲಿ ಕಳಿಸಲಿಲ್ಲ, ಮಾಸಾ ಹಾಕಿ ಕಳಿಸಿದರು. ಅಕ್ಕಿ ಹಿಟ್ಟು ಹುಳಿ ಬರಿಸಿ ಗುಳಿಯ ಹಂಚಿನಲ್ಲಿ ಹುಯ್ಯುವುದು, ಪಡ್ಡು ಅಂತಲೇ ತಿಳಿಯಿರಿ. ಈಗ ಎರಡು ಮನೆಗಳ ನಡುವೆ ಬಟ್ಟಲು ಓಡಾಡುತ್ತಲೇ ಇರುತ್ತದೆ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ನೆಟ್ಟಗೆ ಬರುವುದಿಲ್ಲ.

ಗೋಸ್ಲೋ ಗಿರಾಕಿ:

ಮರೆತಿದ್ದೆ. ಹಳದಿ ಜ್ವರದ ಇಂಜೆಕ್ಷನ್ ಹೊರಡುವುದಕ್ಕೆ ಹತ್ತು ದಿನ ಮೊದಲೇ ಆಗಿರಬೇಕು, ಆ ಹಳದಿ ಕಾರ್ಡ್ ಪಾಸ್‌ಪೋರ್ಟ್ ಜೊತೆಯೇ ಇಡಿ. ರಜೆಗೆ ಇಂಡಿಯಾಕ್ಕೆ ವಾಪಸ್ ಬರುವಾಗಲೂ ಕೇಳುತ್ತಾರೆ, ಇಲ್ಲದಿದ್ದರೆ ಆರು ದಿನದವರೆಗೂ ಬೇರೆ ಕೂರಿಸಬಹುದು. ಊರಿಗೆ ಬಂದಾಗ ಜ್ವರ ಬಂದರೆ ಡಾಕ್ಟರಿಗೆ ಮೊದಲು ನೈಜೀರಿಯಾದಿಂದ ಬಂದಿದ್ದೇನೆ ಎನ್ನಿ. ನಾನು ಹೇಳದೆ ಮೂರು ದಿನ ಪ್ಯಾರಾಸಿಟಮಾಲ್ ನುಂಗಿಕೊಂಡು ಮಲಗಿದ್ದೆ, ಮಲೇರಿಯಾ ತಲೆಗೇರುವುದೊಂದು ಬಾಕಿ.

ಬೆಣ್ಣೆದೋಸೆ ಊರಿನವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕರಾರಿನ ಕಾಗದ ನಿನ್ನೆ ರಾತ್ರಿ ಇಬ್ಬರೂ ಕೂತು ಮತ್ತೆ ಓದಿದೆವು. ಸಂಬಳ ಡಾಲರಿನಲ್ಲೇ ಇದೆ, ಡೀಸೆಲ್ ವಿಷಯ ಮಾತ್ರ ಎಲ್ಲೂ ಇಲ್ಲ. ಹಗಲು ಎಷ್ಟು ಗಂಟೆ ಎಂದು ಕೇಳಿ ಮೇಲ್ ಹಾಕಿದ್ದಾರೆ. ನಮ್ಮ ಆಡಿಟರ್ ಸಾರ್ "ಇಂಟರ್ನೆಟ್ ಇದ್ದರೆ ನನಗೇನು, ಲಾಗೋಸ್ ಆದರೇನು ಹರಿಹರ ಆದರೇನು" ಅಂದರು. ವೀಸಾದ್ದು ವಿಚಾರಿಸಬೇಕು. ಆರು ತಿಂಗಳು ಕಾಯುವುದಿಲ್ಲ, ಜೊತೆಗೇ ಹೋಗುತ್ತೇನೆ ಎಂದು ಅತ್ತೆಗೆ ಹೇಳಿದ್ದಾಯಿತು. ಅವರು ಉಪ್ಪಿನಕಾಯಿ ಹಾಕಲು ಕೂತಿದ್ದಾರೆ, ಅಂದರೆ ಒಪ್ಪಿಗೆ. ಪಡ್ಡಿನ ಹಂಚು ತರಬೇಕಾ?

ರಾಯಚೂರು ಟು ಕಾನೊ:

ಹಂಚು ಲಾಗೋಸ್‌ನಲ್ಲೂ ಹೌಸಾ ಮಂದಿ ಮಾರುವ ಕಡೆ ಹುಡುಕಿದರೆ ಸಿಕ್ಕೀತು, ಭಾರ ಹೊರಬೇಡಿ.

ಇಲುಪೇಜು ಅಕ್ಕ:

ಇಡ್ಲಿ ತಟ್ಟೆ ತನ್ನಿ. ಕರಿಬೇವಿನ ಬೀಜ ಬೇಡ, ನಮ್ಮ ಕಾಂಪೌಂಡಿನಲ್ಲಿ ಗಿಡ ಇದೆ, ಸಸಿ ಕೊಡುತ್ತೇನೆ. ಇಲ್ಲಿನ ಪ್ಲಗ್ಗಿಗೆ ಚೌಕ ಮೂರು ಪಿನ್, ಮಿಕ್ಸಿಗೆ ಅಡಾಪ್ಟರ್ ತನ್ನಿ. ಕುಕ್ಕರಿನ ಗ್ಯಾಸ್ಕೆಟ್ ನಾಲ್ಕು ತನ್ನಿ. ಎರಡು ನಿಮಗೆ, ಎರಡು ನನಗೆ.