ಅಮೆರಿಕದ ಅಂತರ್ಯುದ್ಧ ಕಾಲದ ಫಿರಂಗಿ ಉಪಕರಣಗಳು: ಅಸಲಿಯನ್ನು ಗುರುತಿಸುವುದು ಹೇಗೆ?

ಹಳೆಕಬ್ಬಿಣ:
ನಮಸ್ಕಾರ. ಪೆನ್ಸಿಲ್ವೇನಿಯಾದಲ್ಲಿ ನಾನಿರುವ ಊರಿನ ವ್ಯಾಪಾರಿಯೊಬ್ಬರು ಮೂರು ಸಲಾಕೆಗಳನ್ನು 1863ರ ಗೆಟಿಸ್‌ಬರ್ಗ್ ಕದನದ ಫಿರಂಗಿ ಉಪಕರಣಗಳೆಂದು ಮಾರುತ್ತಿದ್ದಾರೆ. ಒಂದರ ತುದಿ ಸೂಜಿಯಂತೆ ಚೂಪಾಗಿದೆ, ಇನ್ನೊಂದರದು ಬೈರಿಗೆಯಂತೆ ತಿರುಚಿದೆ. ಮೂರನೆಯದು ಮೊಂಡಾಗಿದ್ದು, ತಲೆಯ ಮೇಲೆ ‘ಯು.ಎಸ್.’ ಮುದ್ರೆಯಿದೆ, ಅದೊಂದಕ್ಕೇ ಉಳಿದೆರಡರ ಒಟ್ಟು ಬೆಲೆಗಿಂತ ಹೆಚ್ಚು ಕೇಳುತ್ತಿದ್ದಾರೆ. ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕು?

ಗೋಲಂದಾಜ:
ಮುದ್ರೆಯನ್ನು ಸದ್ಯಕ್ಕೆ ಮರೆತು ಮೊದಲು ಅಳತೆ ತೆಗೆಯಿರಿ. ಈ ಮೂರೂ ಆಕಾರಗಳ ಉಪಕರಣಗಳು ಬಳಕೆಯಾಗುತ್ತಿದ್ದುದು ಫಿರಂಗಿಯ ಹಿಂಭಾಗದಲ್ಲಿ, ಮೇಲ್ಗಡೆ ಕೊರೆದಿರುವ ವೆಂಟ್ ಎಂಬ ಸಣ್ಣ ರಂಧ್ರದಲ್ಲಿ. ಚೂಪಾದದ್ದು ಪ್ರೈಮಿಂಗ್ ವೈರ್. ಮದ್ದಿನ ಚೀಲವನ್ನು ನಳಿಗೆಯ ತಳದವರೆಗೆ ಇಡಿದ ಮೇಲೆ, ಫಿರಂಗಿ ತಂಡದ ಮೂರನೆಯ ಸಂಖ್ಯೆಯ ಸೈನಿಕನು ಇದನ್ನು ವೆಂಟಿನೊಳಗೆ ಇಳಿಸಿ, ಫ್ರಿಕ್ಷನ್ ಪ್ರೈಮರಿನ (ಉಜ್ಜಿದಾಗ ಹೊತ್ತಿಕೊಳ್ಳುವ ಸಣ್ಣ ಕೊಳವೆಯ) ಕಿಡಿ ಮದ್ದಿಗೆ ನೇರವಾಗಿ ತಾಗುವಂತೆ ಚೀಲವನ್ನು ಚುಚ್ಚುತ್ತಿದ್ದನು. ಬೈರಿಗೆ ಮತ್ತು ಮೊಂಡು ಪಂಚ್ ಇದ್ದದ್ದು ಕಟ್ಟಿಕೊಂಡ ವೆಂಟನ್ನು ಬಿಡಿಸುವುದಕ್ಕೆ. ಅಮೆರಿಕದ ಸೇನೆಯ ಆ ಕಾಲದ ಮೈದಾನ ಫಿರಂಗಿಗಳಲ್ಲಿ ವೆಂಟಿನ ವ್ಯಾಸ 0.2 ಅಂಗುಲ, ಅಂದರೆ ಸುಮಾರು 5 ಮಿ.ಮೀ. ಇದಕ್ಕಿಂತ ದಪ್ಪನಾದ ಸಲಾಕೆ ಎಷ್ಟೇ ಹಳೆಯದಾಗಿದ್ದರೂ ಈ ಕೆಲಸದ್ದಲ್ಲ. ನಳಿಗೆಯ ಗೋಡೆಯನ್ನು ದಾಟಿ ಚೀಲವನ್ನು ಮುಟ್ಟುವಷ್ಟು ಉದ್ದವೂ ಇರಬೇಕು. ಚಮ್ಮಾರರ ದಬ್ಬಳ, ಬಡಗಿಗಳ ಬೈರಿಗೆ, ಗಣಿಗಾರರ ಸೂಜಿ ಎಲ್ಲವೂ ಸಂತೆಗೆ ಬಂದೊಡನೆ ಫಿರಂಗಿಯ ಸಾಮಾನಾಗಿಬಿಡುತ್ತವೆ!

ಕುಲುಮೆ:
ಅಳತೆ ಸರಿಹೊಂದಿದರೆ ಲೋಹವನ್ನು ನೋಡಿ. ಹಳೆಯ ಬಡಿಗಬ್ಬಿಣ ಆಳವಾಗಿ ತುಕ್ಕು ತಿಂದಾಗ ಮರದ ನಾರಿನಂತೆ ಉದ್ದುದ್ದ ಗೆರೆಗಳು ಎದ್ದು ಕಾಣುತ್ತವೆ. ಉಕ್ಕಿನಲ್ಲಿ ಹೀಗಾಗುವುದಿಲ್ಲವಾದ್ದರಿಂದ, ಗೆರೆ ಇಲ್ಲವೆಂಬ ಒಂದೇ ಕಾರಣಕ್ಕೆ ವಸ್ತುವನ್ನು ನಕಲಿಯೆನ್ನಲಾಗದು. ಮುದ್ರೆಯನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ: ತುಕ್ಕಿನ ಗುಳಿಗಳು ಅಕ್ಷರಗಳ ಅಂಚನ್ನೂ ತಳವನ್ನೂ ಸಮಾನವಾಗಿ ತಿಂದಿರಬೇಕು. ಗುಳಿ ಬಿದ್ದ ಮೈಯನ್ನು ಸೀಳಿಕೊಂಡು ಅಕ್ಷರ ಚೂಪಾಗಿ ನಿಂತಿದ್ದರೆ, ಅದು ತುಕ್ಕು ಹಿಡಿದ ಮೇಲೆ ಒತ್ತಿದ ಮುದ್ರೆ. ಹಿಡಿಯ ಬಳೆಯಲ್ಲಿ ವಿದ್ಯುತ್ ಬೆಸುಗೆಯ ಗಂಟಿದ್ದರಂತೂ ಮುಂದೆ ಯೋಚಿಸುವ ಅಗತ್ಯವೇ ಇಲ್ಲ. ಅಂತರ್ಯುದ್ಧದ ಶತಮಾನೋತ್ಸವ ನಡೆದ 1961–65ರ ಸುಮಾರಿನ ಪ್ರತಿಕೃತಿಗಳಿಗೂ ಈಗ ಅರವತ್ತು ವರ್ಷಗಳ ಸಹಜ ತುಕ್ಕು ಹಿಡಿದಿರುವುದರಿಂದ, ಬರಿಯ ತುಕ್ಕನ್ನು ನಂಬಬೇಡಿ.

ಹಳೆಕಬ್ಬಿಣ:
ಅಳೆದು ನೋಡಿದೆ. ಚೂಪಾದದ್ದು ಮತ್ತು ಬೈರಿಗೆ 4 ಮಿ.ಮೀ. ಆಸುಪಾಸಿನಲ್ಲಿವೆ. ಮುದ್ರೆಯಿರುವ ಸಲಾಕೆ 7 ಮಿ.ಮೀ. ದಪ್ಪವಿದೆ.

ಗೋಲಂದಾಜ:
ಹಾಗಾದರೆ ದುಬಾರಿಯಾದದ್ದೇ ಮೊದಲು ಬಿದ್ದುಹೋಯಿತು. ಉಳಿದೆರಡನ್ನು ಅಮೆರಿಕದ ಸೇನೆಯ ಶಸ್ತ್ರಾಸ್ತ್ರ ಕೈಪಿಡಿಯಾದ 1861ರ ಆರ್ಡ್ನೆನ್ಸ್ ಮ್ಯಾನ್ಯುಯಲ್‌ನ ವಿವರಣೆಯೊಂದಿಗೆ ಹೋಲಿಸಿ. ಅವು ಹೊಂದಿಕೊಂಡರೂ ಗೆಟಿಸ್‌ಬರ್ಗ್ ಎಂಬ ಹೆಸರಿಗೆ ಹಣ ಕೊಡಬೇಡಿ. ಸಲಾಕೆ ಯಾವ ಕದನದಲ್ಲಿತ್ತೆಂಬುದನ್ನು ಹಳೆಯ ಕಾಗದಪತ್ರ ಹೇಳಬಲ್ಲದೇ ಹೊರತು ಕಬ್ಬಿಣ ಹೇಳಲಾರದು. ‘ರಣರಂಗದಲ್ಲಿ ಅಗೆದು ತೆಗೆದದ್ದು’ ಎಂದು ವ್ಯಾಪಾರಿ ಹೇಳಿದರೆ ಖರೀದಿಯನ್ನೇ ಬಿಡಿ, ಏಕೆಂದರೆ ಅಲ್ಲಿನ ರಾಷ್ಟ್ರೀಯ ಸೇನಾ ಉದ್ಯಾನದ ನೆಲದಿಂದ ಅವಶೇಷಗಳನ್ನು ತೆಗೆಯುವುದು ಅಪರಾಧ.

ಕುಲುಮೆ:
ಇದೇ ವ್ಯಾಪಾರಿ ಮುಂದೆ ಮದ್ದು ತುಂಬಿದ ಗುಂಡುಗಳನ್ನೋ ಅವುಗಳನ್ನು ಸಿಡಿಸುವ ಫ್ಯೂಸನ್ನು ಬಿಚ್ಚುವ ಕೀಲಿಯನ್ನೋ ತೋರಿಸಬಹುದು. ಕೀಲಿಯನ್ನು ಗುಂಡಿಗೆ ಹಚ್ಚಿ ಪರೀಕ್ಷಿಸಲು ಹೋಗಬೇಡಿ. 2008ರಲ್ಲಿ ವರ್ಜೀನಿಯಾದ ಸಂಗ್ರಾಹಕರೊಬ್ಬರು ಅಂತರ್ಯುದ್ಧ ಕಾಲದ ಗುಂಡೊಂದನ್ನು ಸ್ವಚ್ಛಗೊಳಿಸುತ್ತಿದ್ದಾಗ ಅದು ಸಿಡಿದು ಪ್ರಾಣ ಕಳೆದುಕೊಂಡರು.